ಸಹಾಯಕ ಶಿಕ್ಷಕಿ ಅನಗತ್ಯ

ಜೂನ್ ೩, ಸೋಮವಾರ

ಮೊಮ್ಮಗಳು ಹುಟ್ಟಿದ ವರ್ಷದ ದಿನಚರಿಯ ನೂರ ಹನ್ನೆರಡನೆಯ ಪುಟದಲ್ಲಿ ‘ಮಗು ಎಪ್ಪತ್ತು ದಿನ ಉಸಿರಾಟದ ಯಂತ್ರದಲ್ಲಿತ್ತು’ ಎಂದು ಬರೆದಿದ್ದೇನೆ. ಇದು ತಪ್ಪು. ಎಪ್ಪತ್ತಮೂರು ದಿನ. ಎಪ್ಪತ್ತನೆಯ ದಿನ ಗಂಟಲಿನ ಕೊಳವೆಯನ್ನು ತೆಗೆದದ್ದು ನಿಜವಾದರೂ, ಮಗು ನೀಲಿಗಟ್ಟಿದ್ದರಿಂದ ಅಂದೇ ಮತ್ತೆ ಹಾಕಿ ಇನ್ನೂ ಮೂರು ದಿನ ಇಟ್ಟಿದ್ದರು. ಆ ಮೂರು ದಿನ ನಾನು ದಿನಚರಿಯನ್ನೇ ಬರೆದಿರಲಿಲ್ಲ. ಬರೆಯದ ದಿನಗಳನ್ನು ಎಣಿಕೆಯಿಂದಲೂ ಬಿಟ್ಟದ್ದು ಅಕ್ಷಮ್ಯ. ಇಂದು ಆಸ್ಪತ್ರೆಯ ನಮೂನೆಯೊಂದನ್ನು ತುಂಬುವಾಗ ಮಗಳು ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತೆಗೆದು ತೋರಿಸಿದಳು. ಹಳೆಯ ಪುಟವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ನಮೂನೆಯ ವಿಚಾರ ಹೀಗಿದೆ. ಇಪ್ಪತ್ತನಾಲ್ಕು ವಾರಕ್ಕೇ, ಆರುನೂರ ನಲವತ್ತು ಗ್ರಾಂ ತೂಕದಲ್ಲಿ ಹುಟ್ಟಿ, ಯಂತ್ರದ ಉಸಿರಿನಿಂದ ಬದುಕಿದ ಇಂಥ ಮಕ್ಕಳನ್ನು, ಅವರು ಶಾಲೆಗೆ ಸೇರುವ ವರ್ಷ ಆಸ್ಪತ್ರೆಯವರು ಮತ್ತೆ ಕರೆಸಿ ಶ್ವಾಸಕೋಶವನ್ನೂ ಬುದ್ಧಿಯನ್ನೂ ಪರೀಕ್ಷಿಸುತ್ತಾರೆ. ಶಾಲೆಯಲ್ಲಿ ಈಗ ತಾತ್ಕಾಲಿಕವಾಗಿ ದಿನಕ್ಕೆರಡು ಗಂಟೆ ಮಗುವಿನ ಪಕ್ಕದಲ್ಲಿ ಕೂರುವ ಸಹಾಯಕ ಶಿಕ್ಷಕಿಯನ್ನು ಮುಂದುವರಿಸಬೇಕೋ ಬೇಡವೋ ಎಂಬುದು ಈ ಬುದ್ಧಿಪರೀಕ್ಷೆಯಿಂದ ತೀರ್ಮಾನವಾಗುತ್ತದೆ. ಅಂಕ ಕಡಿಮೆ ಬಂದರೆ ಶಿಕ್ಷಕಿ ಉಳಿಯುತ್ತಾರೆ. ಹೆಚ್ಚು ಬಂದರೆ ಹೋಗುತ್ತಾರೆ. ಕಡಿಮೆ ಅಂಕಕ್ಕೆ ಬಹುಮಾನ ಕೊಡುವ ಪರೀಕ್ಷೆಯನ್ನು ಮೂವತ್ತಾರು ವರ್ಷಗಳ ಶಾಲಾ ಸೇವೆಯಲ್ಲಿ ನಾನು ಕಂಡಿರಲಿಲ್ಲ.

ನಮೂನೆಯಲ್ಲಿ ಹನ್ನೊಂದು ತಪ್ಪುಗಳಿದ್ದವು. ಏಳನ್ನು ತಿದ್ದುವಷ್ಟರಲ್ಲಿ ಮಗಳು ಕೈಯಿಂದ ಕಿತ್ತುಕೊಂಡಳು.

“ಅಪ್ಪ, ಅದು ಉತ್ತರ ಪತ್ರಿಕೆ ಅಲ್ಲ! ಆಸ್ಪತ್ರೆಗೆ ವಾಪಸ್ ಕೊಡಬೇಕು.”

“ತಪ್ಪುಗಳ ಸಮೇತ ಕೊಡಬೇಕೇ?”

“ತಪ್ಪುಗಳ ಸಮೇತಾನೇ ಕೊಡೋಣ. ನನಗೆ ಆ ಟೀಚರ್ ಬೇಕು, ಅಷ್ಟೆ. ಅವರು ಪಕ್ಕದಲ್ಲಿದ್ದು ಬೋರ್ಡಿನಲ್ಲಿರೋದನ್ನ ಹೇಳಿದ್ರೆ ಇವಳು ಬರೀತಾಳೆ. ಇಲ್ಲದಿದ್ರೆ ಮೂವತ್ತೆಂಟು ಮಕ್ಕಳ ಮಧ್ಯೆ ಕಳೆದೇ ಹೋಗ್ತಾಳೆ.”

ನಮ್ಮ ಮನೆತನದಲ್ಲಿ ಯಾರೂ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದವರಲ್ಲ ಎಂದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಹೆಂಡತಿ ತಲೆಯೆತ್ತದೆ ಹೇಳಿದಳು: “ನಮ್ಮ ಮನೆತನದಲ್ಲಿ ಯಾರೂ ಇಪ್ಪತ್ತನಾಲ್ಕು ವಾರಕ್ಕೆ ಹುಟ್ಟಿದವರೂ ಇಲ್ಲ ಕಣ್ರೀ.”

ಮಗುವಿಗೆ ಮನೆಯಲ್ಲಿ ‘ಚಿಟಿಕೆ’ ಎಂದು ಹೆಸರು. ಆಸ್ಪತ್ರೆಯ ನರ್ಸುಗಳು ಇಟ್ಟದ್ದು. ಅಳತೆಯನ್ನು ಹೆಸರಾಗಿ ಬಳಸುವುದು ಸರಿಯಲ್ಲವೆಂದು ಆರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕರೆಯುವುದು ಮಾತ್ರ ನಾನೂ ಹಾಗೆಯೇ.

(ಜೂನ್ ೩, ಸಂಜೆ ೬ ಗಂಟೆ ೪೦ ನಿಮಿಷ)

ಜೂನ್ ೬, ಗುರುವಾರ

ಆಸ್ಪತ್ರೆಗೆ ಹೋಗಿ ಬಂದೆವು. ಮಗಳಿಗೆ ಬಸ್ ಡಿಪೋದಲ್ಲಿ ಚಾಲಕರ ಪಾಳಿಪಟ್ಟಿ ಬರೆಯುವ ಕೆಲಸವಾದ್ದರಿಂದ, ಮಗುವಿನ ಹಗಲುಗಳೆಲ್ಲ ನನ್ನ ಸುಪರ್ದಿಗೆ ಸೇರಿವೆ.

ಮೊದಲು ಶ್ವಾಸಕೋಶದ ಪರೀಕ್ಷೆ. ಕಂಪ್ಯೂಟರಿನ ಪರದೆಯ ಮೇಲೆ ಏಳು ಮೇಣದ ಬತ್ತಿಗಳು. ಕೊಳವೆಯೊಳಗೆ ಊದಿ ಅವನ್ನು ಆರಿಸಬೇಕು. ಚಿಟಿಕೆ ಊದಿದಳು; ನಾಲ್ಕು ಆರಿದವು. ಮತ್ತೆ ಊದಿದಳು, ಮತ್ತೆ ನಾಲ್ಕು. ಮೂರನೆಯ ಸಲ ಮೂರು ಆರಿ ಕೆಮ್ಮು ಬಂದಿತು. ನಾನು ಹಿಂದಿನಿಂದ “ಬೆನ್ನು ನೆಟ್ಟಗೆ” ಎಂದೆ.

“ಇದು ಬೆನ್ನಿನ ಪ್ರಶ್ನೆ ಅಲ್ಲ ಸರ್,” ಎಂದರು ವೈದ್ಯರು. “ಆ ಯಂತ್ರ ಇಲ್ಲದಿದ್ರೆ ಮಗು ಉಳೀತಿರಲಿಲ್ಲ. ಅಷ್ಟು ದಿನ ಯಂತ್ರ ಇದ್ದಿದ್ದಕ್ಕೆ ಶ್ವಾಸಕೋಶದಲ್ಲಿ ಗಾಯದ ಕಲೆ ಉಳೀತು. ಧ್ವನಿ ಒರಟಾಗಿರೋದೂ ಅದರಿಂದಲೇ.”

ಎಷ್ಟು ವರ್ಷಕ್ಕೆ ಪೂರ್ತಿ ಸರಿಹೋಗುತ್ತದೆ ಎಂದು ಕೇಳಿದೆ.

“ಇಷ್ಟು ಬೇಗ ಹುಟ್ಟಿದವರು ಮೊದಲೆಲ್ಲ ಬದುಕ್ತಾನೇ ಇರಲಿಲ್ಲವಲ್ಲ. ನಲವತ್ತು ವರ್ಷಕ್ಕೆ ಹೇಗಿರ್ತಾರೆ ಅನ್ನೋದನ್ನ ಇವರೇ ನಮಗೆ ಹೇಳಿಕೊಡಬೇಕು.”

ಪಾಠವನ್ನು ಸಿದ್ಧಮಾಡಿಕೊಳ್ಳದೆ ತರಗತಿಗೆ ಬಂದ ಶಿಕ್ಷಕನ ಮಾತಿನಂತಿತ್ತು.

ಅನಂತರ ಬುದ್ಧಿಪರೀಕ್ಷೆ. ಮಗು ನನ್ನ ಬೆರಳನ್ನು ಬಿಡದ ಕಾರಣ, ತುಟಿ ಬಿಚ್ಚಬಾರದೆಂಬ ಷರತ್ತಿನ ಮೇಲೆ ಪರೀಕ್ಷಕಿ ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಲು ಬಿಟ್ಟರು. ಕೆಂಪು-ಬಿಳಿ ಬಣ್ಣದ ಒಂಬತ್ತು ಮರದ ಘನಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಆಕೃತಿಗಳನ್ನು ನೋಡಿ ಬರೆಯುವುದು, ಎರಡು ವಸ್ತುಗಳ ಸಾಮ್ಯ ಹೇಳುವುದು.

“ಗುಂಡಿ, ಜಿಪ್ಪು. ಇವೆರಡೂ ಯಾವುದರಲ್ಲಿ ಒಂದೇ ಥರ ಪುಟ್ಟಿ?”

“ಎರಡೂ… ನಮ್ಮಜ್ಜಿ… ಹೊಲೀತಾಳೆ.”

ಪರೀಕ್ಷಕಿ ಸೊನ್ನೆ ಬರೆದದ್ದನ್ನು ಕಂಡೆ. ವಾಸ್ತವದಲ್ಲಿ ಉತ್ತರ ಸತ್ಯವಾಗಿತ್ತು. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಮೂಗು ಸೋರಿ, ಧ್ವನಿ ಅಡಗಿ, ಮಗು ಮೇಜಿನ ಮೇಲೆ ತಲೆಯಿಟ್ಟಿತು.

“ಶೀತ ಆಗಿದೆ ಪಾಪ, ದಣಿದಿದ್ದಾಳೆ. ಇವತ್ತಿನದನ್ನ ಬಿಟ್ಟುಬಿಡೋಣ. ಜುಲೈ ನಾಲ್ಕಕ್ಕೆ ಮೊದಲಿನಿಂದ ಮಾಡೋಣ.”

“ಇವೇ ಪ್ರಶ್ನೆಗಳೇ?” ಎಂದು ಕೇಳಿದೆ.

“ಇವೇ ಸರ್. ಅಷ್ಟು ಹೊತ್ತಿಗೆ ಅವಳಿಗೇನೂ ನೆನಪಿರಲ್ಲ.”

ಅವಳಿಗೆ ನೆನಪಿರುವುದಿಲ್ಲವೆಂಬುದು ನಿಜ.

(ಜೂನ್ ೬, ಸಂಜೆ ೭ ಗಂಟೆ ೦೫ ನಿಮಿಷ)

ಜೂನ್ ೭, ಶುಕ್ರವಾರ

ಒಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪ್ರಶ್ನೆಗಳನ್ನು ಬಯಲುಮಾಡುವುದು ಬೇರೆ, ವಿದ್ಯಾರ್ಥಿಯನ್ನು ಸಿದ್ಧಪಡಿಸುವುದು ಬೇರೆ. ಮೊದಲನೆಯ ಅಪರಾಧಕ್ಕಾಗಿ ಭೂಗೋಳದ ಶಿಕ್ಷಕರೊಬ್ಬರನ್ನು, ಮುಖ್ಯೋಪಾಧ್ಯಾಯನಾಗಿದ್ದಾಗ, ನಾನೇ ಶಾಲೆಯಿಂದ ಹೊರಗೆ ಕಳಿಸಿದ್ದೇನೆ. ಅವರು ನನ್ನ ಕೊಠಡಿಯಲ್ಲಿ ಕೂತು ಅತ್ತರು, ನಾನು ಕಿಟಕಿಯ ಕಡೆಗೆ ನೋಡುತ್ತಿದ್ದೆ. ನಾನೀಗ ಮಾಡಹೊರಟಿರುವುದು ಎರಡನೆಯದು. ಯಾವ ಕಾಗದವನ್ನೂ ನಾನು ಕದ್ದಿಲ್ಲ. ಕಣ್ಣೆದುರು ಇದ್ದುದನ್ನು ನೋಡಿದೆ. ಕಣ್ಣು ಚುರುಕಾಗಿರುವುದು ದೋಷವಾಗಲಾರದು.

ಬಡಗಿಯಿಂದ ಒಂಬತ್ತು ಘನಗಳನ್ನು ಕೊಯ್ಯಿಸಿ, ಉಜ್ಜಿಸಿ, ನಾನೇ ಬಣ್ಣ ಹಚ್ಚಿದೆ. ಬಡಗಿ ಏನೆಂದು ಕೇಳಿದ, ಆಟಿಕೆ ಎಂದೆ. ಹೆಂಡತಿ ಕೇಳಿದಳು, ಆಟಿಕೆ ಎಂದೆ. ಎರಡು ಕಡೆಯೂ ಒಂದೇ ಮಾತನ್ನು ಹೇಳಿರುವುದರಿಂದ ಅದನ್ನು ಸುಳ್ಳೆಂದು ಎಣಿಸಲಾಗದು.

(ಜೂನ್ ೭, ಸಂಜೆ ೫ ಗಂಟೆ ೫೫ ನಿಮಿಷ)

ಜೂನ್ ೧೨, ಬುಧವಾರ

ಅಭ್ಯಾಸ ಕ್ರಮಬದ್ಧವಾಗಿ ಸಾಗಿದೆ. ಶಾಲೆ ಬಿಟ್ಟ ಮೇಲೆ ಮಗಳು ಮನೆಗೆ ಬರುವವರೆಗೆ ಎರಡು ಗಂಟೆಗಳಿರುತ್ತವೆ. ಘನಗಳಿಗೆ ನಲವತ್ತು ನಿಮಿಷ, ಆಕೃತಿಗಳಿಗೆ ಇಪ್ಪತ್ತು, ಸಾಮ್ಯಕ್ಕೆ ಹದಿನೈದು. ಅಂಕಿಗಳಿಗೆ ಪ್ರತ್ಯೇಕ ಸಮಯ ಬೇಕಾಗಿಲ್ಲ, ಮೆಟ್ಟಿಲುಗಳಿವೆ. ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಐವತ್ತನಾಲ್ಕು ಮೆಟ್ಟಿಲು. ಅಳಿಯ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುತ್ತಾನೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಗು ಎರಡು ಕಡೆ ಕೂತು ಉಸಿರು ತೆಗೆದುಕೊಳ್ಳುತ್ತದೆ. ಆ ಬಿಡುವನ್ನು ವ್ಯರ್ಥಮಾಡುವುದೇಕೆ?

“ಮೂರು, ಒಂಬತ್ತು, ಐದು. ಹಿಂದಿನಿಂದ ಹೇಳು.”

“ಐದು… ಒಂಬತ್ತು…” ಉಸಿರು. “ತಾತ, ಇನ್ನೊಂದು… ಓಡಿಹೋಯ್ತು.”

“ಹಿಡಿದುಕೊಂಡು ಬಾ.”

“ನೀನೇ ಹಿಡಿ. ನಂಗೆ… ಓಡಕ್ಕಾಗಲ್ಲ.”

ಉತ್ತರವನ್ನು ಪೂರ್ಣವಾಕ್ಯದಲ್ಲಿ ಹೇಳಬೇಕೆಂದು ಎಚ್ಚರಿಸಿದೆ. ಅವಳ ವಾಕ್ಯಗಳು ಎರಡು ಮೂರು ಪದಗಳಿಗೇ ತುಂಡಾಗುತ್ತವೆ. ಉಸಿರು ಅಲ್ಲಿಗೆ ಮುಗಿಯುತ್ತದೆಂದು ಅವಳ ತಾಯಿಯ ಸಮರ್ಥನೆ.

(ಜೂನ್ ೧೨, ಸಂಜೆ ೬ ಗಂಟೆ ೨೦ ನಿಮಿಷ)

ಜೂನ್ ೨೪, ಸೋಮವಾರ

ಹೆಂಡತಿಗೆ ಗೊತ್ತಾಗಿದೆ. ರವಿಕೆಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ ಅವಳ ಬಳಿಗೆ ಮಗು ಹೋಗಿ, “ಗುಂಡಿ ಮತ್ತು ಜಿಪ್ಪು… ಇವೆರಡೂ ಬಟ್ಟೆಯನ್ನು… ಮುಚ್ಚುವ ಸಾಧನಗಳು” ಎಂದಿತಂತೆ.

“ಸಾಧನಗಳು! ಆರು ವರ್ಷದ ಕೂಸಿನ ಬಾಯಲ್ಲಿ! ಏನ್ರೀ ಮೇಷ್ಟ್ರೇ, ಏನು ನಡೀತಿದೆ ಇಲ್ಲಿ?”

“ಸಿದ್ಧತೆ.”

“ಆ ಭೂಗೋಳದ ಮೇಷ್ಟ್ರೂ ಹೀಗೇ ಅಂದಿದ್ದರಲ್ಲವಾ?”

ಹೋಲಿಕೆ ಅಸಮರ್ಪಕವೆಂದು ಹೇಳಿ ಎದ್ದೆ. ಮಗಳಿಗೆ ಹೇಳಬೇಡವೆಂದೆ. ಅವಳು ಹಲ್ಲಿನಿಂದ ದಾರ ಕಡಿದು, “ನಾನ್ಯಾಕೆ ಹೇಳಲಿ? ನೀವೇ ಹೇಳೋ ದಿನ ಬರುತ್ತೆ” ಎಂದಳು.

ಇಂದು ಏಳನೆಯ ಮಾದರಿಯನ್ನು ಮಗು ನೋಡದೆಯೇ ಜೋಡಿಸಿತು. ಇನ್ನೂರ ಹದಿನೇಳು ಪ್ರಯತ್ನಗಳು ಬೇಕಾದವು. ಘನಗಳ ಬದಿಯನ್ನು ಒಂದಿಷ್ಟು ತಿರುಗಿಸಿಟ್ಟರೆ ಮಾತ್ರ ಮತ್ತೆ ಮೊದಲಿನಿಂದ ಆಗಬೇಕು. ಅದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ.

(ಜೂನ್ ೨೪, ಸಂಜೆ ೬ ಗಂಟೆ ೩೦ ನಿಮಿಷ)

ಜುಲೈ ೪, ಗುರುವಾರ

ಈ ಸಲ ಮಗು ನನ್ನ ಬೆರಳನ್ನು ತಾನಾಗಿಯೇ ಬಿಟ್ಟು ಒಳಗೆ ಹೋಯಿತು. ನಾನು ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಕೂತಿದ್ದೆ. ಬಾಗಿಲು ತೆರೆದದ್ದೇ ತಡ, ಮೊಗಸಾಲೆಗೆಲ್ಲ ಕೇಳುವಂತೆ ಕೂಗಿತು:

“ತಾತ! ಅವರ ಹತ್ರಾನೂ… ನಮ್ಮ ಬ್ಲಾಕೇ ಇದೆ!”

ನನ್ನ ಅಂಗಿಯ ಕಾಲರು ಒದ್ದೆಯಾಯಿತು. ಪರೀಕ್ಷಕಿ ನಕ್ಕರು. “ಹೌದು ಪುಟ್ಟಿ, ಎಲ್ಲರ ಮನೇಲೂ ಬ್ಲಾಕ್ ಇರುತ್ತೆ.” ಆಮೇಲೆ ನನ್ನ ಕಡೆ ತಿರುಗಿ, “ಎಷ್ಟು ಚೆನ್ನಾಗಿ ಮಾಡಿದಳು ಗೊತ್ತಾ ಸರ್! ಹೋದ ಸಲದ ಮಗುವೇನಾ ಇದು ಅನ್ನಿಸ್ತು” ಎಂದರು.

ಅಲ್ಲವೆಂದು ಹೇಳಬಹುದಾಗಿತ್ತು. ‘ಅಭ್ಯಾಸ ಚೆನ್ನಾಗಿದೆ’ ಎಂದು ಮಾತ್ರ ಹೇಳಿದೆ. ಅದು ಅಕ್ಷರಶಃ ಸತ್ಯ.

(ಜುಲೈ ೪, ಮಧ್ಯಾಹ್ನ ೩ ಗಂಟೆ ೧೫ ನಿಮಿಷ)

ಜುಲೈ ೧೫, ಸೋಮವಾರ

ವರದಿ ಬಂದಿದೆ. ಕೊನೆಯ ಎರಡು ಸಾಲುಗಳನ್ನು ಯಥಾವತ್ತಾಗಿ ನಕಲು ಮಾಡುತ್ತೇನೆ: ‘ಬೌದ್ಧಿಕ ಸಾಮರ್ಥ್ಯ ವಯಸ್ಸಿಗೆ ತಕ್ಕ ಮಟ್ಟದಲ್ಲಿದೆ. ಸಹಾಯಕ ಶಿಕ್ಷಕಿ ಅನಗತ್ಯ.’ ಮೂವತ್ತಾರು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಪ್ರಥಮ ಸ್ಥಾನ ಪಡೆದಿದ್ದಾರೆ. ಆದರೆ ಆರುನೂರ ನಲವತ್ತು ಗ್ರಾಂನಿಂದ ಹೊರಟು ಯಾರೂ ಇಲ್ಲಿಗೆ ಬಂದಿರಲಿಲ್ಲ. ವರದಿಯನ್ನು ಗಟ್ಟಿಯಾಗಿ ಎರಡು ಸಲ ಓದಿದೆ.

ಮಗಳು ಕೈಕಟ್ಟಿ ನಿಂತು ಕೇಳಿದಳು. ಅಳಿಯ, “ಒಳ್ಳೇದೇ ಅಲ್ವೇನೇ?” ಎಂದ.

“ಒಳ್ಳೇದೇ. ಅದೇ ಅರ್ಥ ಆಗ್ತಿಲ್ಲ. ಬೆಳಿಗ್ಗೆ ಯಾವ ಶೂ ಯಾವ ಕಾಲಿಗೆ ಅಂತ ಕೇಳಿದಳು. ದಿನಾ ಕೇಳ್ತಾಳೆ. ವಯಸ್ಸಿಗೆ ತಕ್ಕ ಮಟ್ಟ ಅಂತೆ.” ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು. “ಟೀಚರ್ ಶುಕ್ರವಾರದವರೆಗೆ ಮಾತ್ರ.”

ಜಯವನ್ನು ಸ್ವೀಕರಿಸುವ ಅಭ್ಯಾಸವೂ ನಮ್ಮವರಿಗೆ ಇಲ್ಲವಾಗಿದೆ.

(ಜುಲೈ ೧೫, ಸಂಜೆ ೬ ಗಂಟೆ ೪೭ ನಿಮಿಷ)

ಜುಲೈ ೨೩, ಮಂಗಳವಾರ

ಸಹಾಯಕ ಶಿಕ್ಷಕಿ ಇಲ್ಲದ ಎರಡನೆಯ ದಿನ. ಮಗುವಿನ ಪುಸ್ತಕದಲ್ಲಿ ತಾರೀಕು ಮತ್ತು ಅರ್ಧ ಸಾಲು. ಉಳಿದದ್ದೆಲ್ಲಿ ಎಂದು ಕೇಳಿದೆ.

“ಬೋರ್ಡಲ್ಲಿ ಇತ್ತು. ಮೇಡಂ… ಅಳಿಸಿಬಿಟ್ಟರು.”

“ಅಳಿಸುವ ಮೊದಲು ಬರೆದುಕೊಳ್ಳಬೇಕಿತ್ತು.”

“ನಾನು ಬೋರ್ಡ್ ನೋಡಿ… ಪುಸ್ತಕ ನೋಡೋ ಹೊತ್ತಿಗೆ… ಅದು ಎಲ್ಲಿತ್ತು ಅಂತ… ಹೋಗಿಬಿಡುತ್ತೆ.”

ಹೊಂದಿಕೊಳ್ಳಲು ಕೆಲವು ದಿನ ಹಿಡಿಯುವುದು ಸಹಜ. ಇಂದು ಮೆಟ್ಟಿಲ ಮೇಲೆ ಮೂರು ಕಡೆ ಕೂತಳು. ಶಾಲೆಯ ಚೀಲವನ್ನು ಈ ತನಕ ಆ ಶಿಕ್ಷಕಿಯೇ ಗೇಟಿನವರೆಗೆ ಹೊತ್ತು ತರುತ್ತಿದ್ದರಂತೆ. ನನಗದು ತಿಳಿದಿರಲಿಲ್ಲ.

ಜುಲೈ ೩೦, ಮಂಗಳವಾರ

ಪುಸ್ತಕದಲ್ಲಿ ತರಗತಿಯ ಶಿಕ್ಷಕಿಯ ಕೆಂಪು ಅಕ್ಷರ: ‘ಮಾಡಬಲ್ಲಳು, ಮಾಡುವುದಿಲ್ಲ. ಸೋಮಾರಿತನ.’

ಬರೆಹದಲ್ಲಿ ತಪ್ಪೇನಿಲ್ಲ. ನಾನೂ ಇದನ್ನೇ ಬರೆಯುತ್ತಿದ್ದೆ, ಇದೇ ಕೆಂಪಿನಲ್ಲಿ. ವರ್ಷಕ್ಕೆ ಹತ್ತು ಮಕ್ಕಳಿಗೆಂದರೂ ಮುನ್ನೂರ ಅರವತ್ತು. ಅವರಲ್ಲಿ ಎಷ್ಟು ಮಂದಿಗೆ ಮಾಡಲು ಬರುತ್ತಿರಲಿಲ್ಲವೋ.

ಶಾಲೆಗೆ ಹೋದೆ. ಆಟದ ಬಿಡುವು. ಮೂವತ್ತೇಳು ಮಕ್ಕಳು ಹೊರಗೆ. ಚಿಟಿಕೆ ಒಬ್ಬಳೇ ಒಳಗೆ, ಬೆಂಚಿಗೆ ಮೂಗು ತಾಗಿಸಿಕೊಂಡು ಬರೆಯುತ್ತಿದ್ದಳು. ಕನ್ನಡಕ ಜಾರಿತ್ತು. ಶಿಕ್ಷಕಿ ಒಳ್ಳೆಯವರು, ನಗುಮುಖದವರು.

“ಬಿಡುವಲ್ಲಿ ಕೂರಿಸಿ ಬರೆಸ್ತಿದ್ದೀನಿ ಸರ್. ಹಟ ಜಾಸ್ತಿ ಅವಳಿಗೆ. ಬರಲ್ಲ ಅಂತೇನಿಲ್ಲ, ರಿಪೋರ್ಟಲ್ಲೇ ಇದೆಯಲ್ಲ. ನೀವು ಮೇಷ್ಟ್ರಾಗಿದ್ದವರು, ನಿಮಗೆ ನಾನು ಹೇಳಬೇಕಾ?”

ಹೇಳಬೇಕಾಗಿರಲಿಲ್ಲ.

ಬರುವಾಗ ಚಿಟಿಕೆ ಕೇಳಿದಳು. “ತಾತ, ಸೋಮಾರಿ ಅಂದ್ರೆ… ಏನು?”

ಅವಳ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡೆ.

ಆಗಸ್ಟ್ ೧, ಗುರುವಾರ

ನಾಲ್ಕು ಕಡೆ ಕೂತಳು. ಅಂಕಿ ಕೇಳಲಿಲ್ಲ. ಕೊನೆಯ ಹದಿನೆಂಟು ಮೆಟ್ಟಿಲು ಎತ್ತಿಕೊಂಡೆ. ಭಾರವಿಲ್ಲ.

ಆಗಸ್ಟ್ ೨, ಶುಕ್ರವಾರ

ಮಗಳಿಗೆ ಹೇಳಿದೆ. ಅವಳು ಡಿಪೋದಿಂದ ಬಂದು ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಕೂರಿಸಿಕೊಂಡು ಕ್ರಮವಾಗಿ ಹೇಳಬೇಕೆಂದುಕೊಂಡಿದ್ದೆ. ಬಾಗಿಲಲ್ಲೇ ಹೇಳಿಬಿಟ್ಟೆ.

“ಪ್ರಶ್ನೆ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಎಷ್ಟು ದಿನ ಹೇಳಿಕೊಟ್ಟಿರಿ?”

“ಇಪ್ಪತ್ತಾರು.”

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಗೋಡೆಗೆ ಒರಗಿ ನಿಂತಳು.

“ಹತ್ತನೇ ಕ್ಲಾಸಲ್ಲಿ ನನ್ನ ಪೇಪರಿಗೆ ಎರಡು ಮಾರ್ಕ್ಸ್ ಕಡಿಮೆ ಕೊಟ್ಟಿದ್ರು. ಕೇಳೋಣ ಅಂತ ನಿಮ್ಮ ಹತ್ರ ತಂದೆ. ನೀವು ಪೂರ್ತಿ ಓದಿ, ಇನ್ನೂ ಒಂದು ಕಳೀಬೇಕಿತ್ತು ಅಂದ್ರಿ. ನೆನಪಿದೆಯಾ?”

ನೆನಪಿತ್ತು. ಆರನೆಯ ಪ್ರಶ್ನೆ.

“ನನಗೆ ಒಂದು ಮಾರ್ಕ್ಸಿಗೂ ಬಗ್ಗಲಿಲ್ಲ. ಇವಳಿಗೆ ಪರೀಕ್ಷೆನೇ ಕದ್ದು ತಂದ್ರಿ. ಅದೂ ಎಂಥಾ ಪರೀಕ್ಷೆ ಸಿಕ್ತಪ್ಪ ನಿಮಗೆ, ಫೇಲಾಗಬೇಕಾದ್ದು!” ನಕ್ಕಳು. ನಗು ನಿಲ್ಲಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಹೆಂಡತಿ ಒಳಗಿನಿಂದ ಬಂದು ಅವಳ ಚಪ್ಪಲಿ ಬಿಚ್ಚಿಸಿ ಕರೆದುಕೊಂಡು ಹೋದಳು.

ಆಗಸ್ಟ್ ೫, ಸೋಮವಾರ

ಪರೀಕ್ಷಕಿಯ ಕೊಠಡಿ. ಅದೇ ಮೂಲೆಯ ಕುರ್ಚಿ ತೋರಿಸಿದರು. ನಾನು ಹೇಳುತ್ತಿದ್ದಾಗ ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

“ಈ ಪರೀಕ್ಷೆಯನ್ನ ಇನ್ನೊಂದು ವರ್ಷ ಅವಳಿಗೆ ಕೊಡೋ ಹಾಗಿಲ್ಲ ಸರ್. ನೀವು ಹಾಳುಮಾಡಿಬಿಟ್ಟಿದ್ದೀರಿ.”

ಹೌದೆಂದೆ.

“ಮಾರ್ಕ್ಸಲ್ಲಿ ಏನಿದೆ ಅಂತ ಕಲಿಸಿದ್ರಿ? ಅವಳಿಗೆ ಎಲ್ಲಿ ಕಷ್ಟ ಆಗುತ್ತೆ ಅಂತ ಹುಡುಕೋಕೆ ಇರೋದು ಅದು. ನೀವು ಹುಡುಕಬೇಕಾದ ಜಾಗಕ್ಕೆಲ್ಲ ಬಣ್ಣ ಬಳಿದು ತಂದಿದ್ದೀರಿ.”

ಒಂದೇ ದಾರಿ ಇದೆಯಂತೆ. ಶಾಲೆಯ ಸಮಿತಿಯ ಮುಂದೆ ನಾನೇ ಹೋಗಿ ಒಪ್ಪಿಕೊಳ್ಳಬೇಕು. ಜೊತೆಗೆ, ಮಗುವಿನೊಡನೆ ಹೆಚ್ಚು ಹೊತ್ತು ಇರುವವರು, ಅವಳಿಗೆ ಏನೇನು ಬರುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಡಬೇಕು.

“ಮುಚ್ಚುಮರೆ ಇಲ್ಲದೆ ಬರೀಬೇಕು ಸರ್. ತಾತನ ಹಾಗಲ್ಲ, ಮೇಷ್ಟ್ರ ಹಾಗೆ.”

ಅದೇನು ಕಷ್ಟ ಎಂದುಕೊಂಡೆ. ಜೀವಮಾನವೆಲ್ಲ ಮಾಡಿದ ಕೆಲಸ.

ಆಗಸ್ಟ್ ೧೧, ಭಾನುವಾರ

ಒಂದು ಪುಟ. ನಾಲ್ಕು ದಿನ ಹಿಡಿಯಿತು.

ಮೊದಲ ದಿನ ಬರೆದದ್ದರಲ್ಲಿ ‘ಆದರೆ’ಗಳೇ ತುಂಬಿದ್ದವು. ಶೂ ಯಾವ ಕಾಲಿಗೆಂದು ತಿಳಿಯುವುದಿಲ್ಲ, ಆದರೆ ಕೇಳಿ ಹಾಕಿಕೊಳ್ಳುತ್ತಾಳೆ. ಮಗಳು ಓದಿ, “ಇದು ಪ್ರಶಂಸಾಪತ್ರ ಅಪ್ಪ” ಎಂದು ಹಿಂದಿರುಗಿಸಿದಳು. ‘ಆದರೆ’ಗಳನ್ನು ಒಂದೊಂದಾಗಿ ಹೊಡೆದು ಹಾಕಿದೆ.

ಬೋರ್ಡಿನಿಂದ ಪುಸ್ತಕಕ್ಕೆ ಬರೆಯಲು ಬರುವುದಿಲ್ಲ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನೆಯದು ಮರೆಯುತ್ತದೆ. ಗದ್ದಲದಲ್ಲಿ ಅವಳ ಧ್ವನಿ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಕೇಳುವುದನ್ನೇ ಬಿಡುತ್ತಾಳೆ. ಓಡಲಾರಳು. ಓಡಲಾರೆ ಎಂದು ಹೇಳುವುದಿಲ್ಲ, ಶೂ ಸಡಿಲವಾಗಿದೆ ಎನ್ನುತ್ತಾಳೆ. ಇನ್ನೂರು ಸಲ ಮಾಡಿದರೆ ಒಂದು ಬರುತ್ತದೆ; ಸ್ವಲ್ಪ ತಿರುಗಿಸಿ ಇಟ್ಟರೆ ಅದೂ ಹೋಗುತ್ತದೆ.

ಇವೆಲ್ಲ ನನಗೆ ಗೊತ್ತಿದ್ದವು. ಎಲ್ಲವೂ, ಮೊದಲಿನಿಂದಲೂ.

ಕೊನೆಯಲ್ಲಿ ಸಹಿ ಹಾಕಿದೆ. ಅಕ್ಷರ ಕೆಟ್ಟಿತು. ಮತ್ತೊಂದು ಪ್ರತಿ ಮಾಡಲಿಲ್ಲ.

ಆಗಸ್ಟ್ ೨೦, ಮಂಗಳವಾರ

ಸಮಿತಿಯಲ್ಲಿ ಮೂವರು. ಮುಖ್ಯೋಪಾಧ್ಯಾಯಿನಿ, ಪರೀಕ್ಷಕಿ, ಶಿಕ್ಷಣ ಕಚೇರಿಯ ಒಬ್ಬ ಅಧಿಕಾರಿ. ನಾನು ಮೇಜಿನ ಈಚೆ ಬದಿಯಲ್ಲಿ ಕೂತೆ. ಈ ಬದಿಯ ಕುರ್ಚಿ ತಗ್ಗಾಗಿರುತ್ತದೆ. ಅಷ್ಟು ವರ್ಷ ಮುಖ್ಯೋಪಾಧ್ಯಾಯನಾಗಿದ್ದರೂ ಗಮನಿಸಿರಲಿಲ್ಲ.

ಪುಟವನ್ನು ನಾನೇ ಓದಬೇಕೆಂದರು. ಮಗಳು ಪಕ್ಕದಲ್ಲಿದ್ದಳು. ‘ಓಡಲಾರಳು’ ಎಂಬಲ್ಲಿಗೆ ಬಂದೆ. ನಿಲ್ಲಿಸಿ, ಉಸಿರು ತೆಗೆದುಕೊಂಡು ಓದಿದೆ. ಆಮೇಲೆ ಎರಡೆರಡು ಮಾತಿಗೂ ನಿಲ್ಲಿಸಬೇಕಾಯಿತು. ಯಾರೂ ಅವಸರ ಮಾಡಲಿಲ್ಲ.

“ನೀವೇ ಹೀಗೆ ಮಾಡಿದ್ರೆ ಹೇಗೆ ಮೇಷ್ಟ್ರೇ?” ಎಂದರು ಮುಖ್ಯೋಪಾಧ್ಯಾಯಿನಿ. ಅಧಿಕಾರಿ ಕೇಳಿದರು: “ಯಾಕೆ ಮಾಡಿದ್ರಿ?”

“ಅವಳು ಪಾಸಾಗಲಿ ಅಂತ.”

“ಯಾವುದರಲ್ಲಿ?”

ಪ್ರಶ್ನೆ ಸರಿಯಾಗಿತ್ತು.

ಸಹಾಯಕ ಶಿಕ್ಷಕಿ ಸೋಮವಾರದಿಂದ ಮತ್ತೆ ಬರುತ್ತಾರೆ. ಒಂದು ವರ್ಷ. ಮುಂದಿನ ಪರೀಕ್ಷೆ ಆಗುವವರೆಗೆ ಅಂಕಿ, ಲೆಕ್ಕ, ಘನ, ಆಕೃತಿ, ಸಾಮ್ಯ, ಇವು ಯಾವುದನ್ನೂ ನಾನು ಮಗುವಿಗೆ ಹೇಳಿಕೊಡಬಾರದು, ಕೇಳಿದರೂ ಉತ್ತರಿಸಬಾರದು. ಪರೀಕ್ಷೆಯ ದಿನ ಆಸ್ಪತ್ರೆಯ ಆವರಣಕ್ಕೆ ಬರಬಾರದು. ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು.

ಹೊರಗೆ ಬಂದ ಮೇಲೆ ಮಗಳು ಹೇಳಿದಳು, “ಡಿಬಾರ್ ಆದ್ರಿ ಅಪ್ಪ.” ನನ್ನ ಕೈಯಿಂದ ಛತ್ರಿ ತೆಗೆದುಕೊಂಡು ತಾನೇ ಬಿಚ್ಚಿ ಹಿಡಿದಳು. ಬಸ್ ನಿಲ್ದಾಣದವರೆಗೂ ಹಿಡಿದಿದ್ದಳು.

ಸೆಪ್ಟೆಂಬರ್ ೨, ಸೋಮವಾರ

ಪುಸ್ತಕದಲ್ಲಿ ಐದು ಸಾಲು. ಪೂರ್ತಿ. ಶಿಕ್ಷಕಿಯ ಸಹಿ.

ಎರಡನೆಯ ಮಹಡಿಯಲ್ಲಿ ಕೂತೆವು. ನನಗೆ ಹೇಳಿಕೊಡಲು ಏನೂ ಇಲ್ಲ. ಕೆಳಗಿನ ಮನೆಯವರು ಈರುಳ್ಳಿ ಹುರಿಯುತ್ತಿದ್ದರು. ವಾಸನೆ ನೋಡುತ್ತ ಕೂತೆವು. ಅವಳು ಲೆಕ್ಕದ ಪುಸ್ತಕ ತೆಗೆದಳು.

“ತಾತ, ಎಂಟೂ ಏಳೂ… ಎಷ್ಟು?”

ಮುಚ್ಚಳಿಕೆಗೆ ಸಹಿ ಹಾಕಿದವನು ನಾನು.

“ಗೊತ್ತಿಲ್ಲಮ್ಮ.”

ನನ್ನ ಮುಖ ನೋಡಿದಳು. “ನಿಜವಾಗ್ಲೂ?”

“ನಿಜವಾಗ್ಲೂ.”

“ಮೇಷ್ಟ್ರಾಗಿದ್ದೆ… ಅಂತೀಯ!”

“ಆಗಿದ್ದೆ.”

ಪಾಪ ಎನ್ನಿಸಿರಬೇಕು. ಹತ್ತಿರ ಸರಿದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಣಿಸಿದಳು. ನನ್ನವು ಸಾಲದೆ ತನ್ನವನ್ನು ಪಕ್ಕದಲ್ಲಿಟ್ಟಳು. ನಡುವೆ ಉಸಿರಿಗೆ ನಿಂತಳು. ನಿಂತಲ್ಲಿ ಒಂದು ಬೆರಳು ಬಿಟ್ಟುಹೋಯಿತು. ನಾನು ನೋಡಿದೆ.

“ಹದಿನಾಲ್ಕು.”

“ಹೌದಾ?” ಎಂದೆ.

“ಹೂಂ. ನೀನೂ… ನಿಧಾನವಾಗಿ ಕಲೀತೀಯ. ಪರವಾಗಿಲ್ಲ… ತಾತ.”

ಪುಸ್ತಕದಲ್ಲಿ ಬರೆದುಕೊಂಡಳು. ನಾನೂ ಇಲ್ಲಿ ಬರೆದುಕೊಳ್ಳುತ್ತೇನೆ. ಎಂಟೂ ಏಳೂ ಹದಿನಾಲ್ಕು.